ಮದ್ದು ಕೊಟ್ಟರೂ ಕುದುರೆಯ ಹೊಟ್ಟೆಹುಳ ಹೋಗುತ್ತಿಲ್ಲ, ಅನುಭವವಿದ್ದವರು ತಿಳಿಸಿ

ಬ್ರಹ್ಮಾವರದಿಂದ ಪ್ರಶ್ನೆ:
ನಮ್ಮಲ್ಲಿ ಎರಡು ಕುದುರೆ, ಎಂಟು ತಿಂಗಳ ಒಂದು ಮರಿ. ಎರಡು ತಿಂಗಳಿಗೊಮ್ಮೆ ಮೂರಕ್ಕೂ ಐವರ್‌ಮೆಕ್ಟಿನ್ ಕೊಡುತ್ತೇನೆ. ಆದರೂ ಮರಿಯ ಹೊಟ್ಟೆ ಜೋತುಬಿದ್ದಿದೆ, ಕೂದಲು ಒರಟಾಗಿದೆ. ದೊಡ್ಡ ಹೆಣ್ಣು ಕುದುರೆ ಬಾಲವನ್ನು ಗೋಡೆಗೆ ಉಜ್ಜಿ ಉಜ್ಜಿ ಬೋಳು ಮಾಡಿಕೊಂಡಿದೆ. ಮಳೆಗಾಲ ಬಂದೇಬಿಟ್ಟಿತು. ಮದ್ದು ಬದಲಿಸಬೇಕೇ?

ಮಲ್ಪೆಯಿಂದ:
ಮದ್ದು ಆಮೇಲೆ, ಮಾರಾಯರೇ. ಹುಲ್ಲು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಿ. ಕಡಲ ತೀರದ ಸವಾರಿಗೆಂದು ಮೂರು ಕುದುರೆ ಸಾಕಿದ್ದಾಗ ನಾನು ಲದ್ದಿಯನ್ನು ಹಸಿಯಾಗಿಯೇ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೆ. ಜೂನ್ ಕಳೆಯುವಷ್ಟರಲ್ಲಿ ಅದೇ ಬುಡದಲ್ಲಿ ಮೊಣಕಾಲೆತ್ತರ ಹುಲ್ಲು. ಪುಕ್ಕಟೆ ಸಿಕ್ಕಿತೆಂದು ಖುಷಿಯಿಂದ ಕೊಯ್ದು ಕುದುರೆಯ ಮುಂದೆ ಹಾಕುತ್ತಿದ್ದೆ. ಲದ್ದಿಯಲ್ಲಿ ಬಿದ್ದ ಮೊಟ್ಟೆ ನಮ್ಮ ಸೆಕೆಗೆ ಒಂದೆರಡು ವಾರದಲ್ಲಿ ಮರಿಹುಳವಾಗಿ, ಒದ್ದೆ ಎಸಳನ್ನು ಹತ್ತಿ ಕುಳಿತಿರುತ್ತದೆ. ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಹುಳ: ಎರಡು ವರ್ಷ ಹೀಗೇ ನಡೆಯಿತು.

ಕುದುರೆ ಮೇಯದ, ಲದ್ದಿ ಬೀಳದ ಗದ್ದೆಬದುವಿನ ಹುಲ್ಲಾದರೆ ಅಷ್ಟು ಭಯವಿಲ್ಲ. ಅಲ್ಲಿ ದನ ಮೇದಿದ್ದರೂ ಸರಿ, ದನದ ಹುಳಗಳಲ್ಲಿ ಹೆಚ್ಚಿನವು ಕುದುರೆಗೆ ಹತ್ತುವುದಿಲ್ಲ. ಕುದುರೆ ಓಡಾಡುವ ಜಾಗದ ಲದ್ದಿಯನ್ನು ವಾರಕ್ಕೆ ಎರಡು ಸಲವಾದರೂ ಹೆಕ್ಕಬೇಕು. ಈಗ ನಾನು ಎಲ್ಲವನ್ನೂ ರಾಶಿ ಹಾಕಿ, ಟಾರ್ಪಾಲು ಮುಚ್ಚಿ, ಎರಡು ಮೂರು ತಿಂಗಳು ಕೊಳೆಸಿಯೇ ತೋಟಕ್ಕೆ ಹಾಕುವುದು. ರಾಶಿಯೊಳಗೆ ಕೈಯಿಟ್ಟರೆ ಚುರುಗುಟ್ಟಬೇಕು, ಆ ಕಾವಿಗೇ ಮೊಟ್ಟೆ ಸಾಯುವುದು. ಆಗಾಗ ಮಗುಚಿ ಅಂಚಿನದನ್ನು ನಡುವಿಗೆ ತಳ್ಳದಿದ್ದರೆ ಅಂಚಿನವು ಆರಾಮವಾಗಿ ಬದುಕುತ್ತವೆ.

ಇನ್ನು ತೂಕ. ನಾನು ಕಣ್ಣಳತೆಯಲ್ಲಿ 200 ಕಿಲೊ ಎಂದುಕೊಂಡಿದ್ದ ಕುದುರೆ 265 ಕಿಲೊ ಇತ್ತು. ಕಡಿಮೆ ಮದ್ದು ಕೊಡುವುದೆಂದರೆ ಹುಳಕ್ಕೆ ಅದನ್ನು ಅರಗಿಸಿಕೊಳ್ಳಲು ಕಲಿಸಿದಂತೆ. ದರ್ಜಿಯ ಟೇಪಿನಲ್ಲಿ ಮುಂಗಾಲ ಹಿಂದಿನ ಎದೆ ಸುತ್ತಳತೆಯನ್ನೂ ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದಲೂ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಸಿಗುತ್ತದೆ. ಬೆಳೆದ ಕುದುರೆಗೆ ಮಾತ್ರ ಈ ಲೆಕ್ಕ. ಪೇಸ್ಟು ಹಾಕುವಾಗ ಬಾಯಲ್ಲಿ ಹುಲ್ಲಿರಬಾರದು. ನನ್ನದೊಂದು ಅರ್ಧ ಗಂಟೆ ಕೆನ್ನೆಯಲ್ಲೇ ಇಟ್ಟುಕೊಂಡು, ನಾನು ಬೆನ್ನು ತಿರುಗಿಸಿದ ಮೇಲೆ ಹುಲ್ಲಿನ ಉಂಡೆಯ ಜೊತೆ ಉಗುಳಿತ್ತು.

ಸುರತ್ಕಲ್‌ನಿಂದ:
ಬಾಲ ಉಜ್ಜುವ ವಿಚಾರ ಮಾತ್ರ ಹೇಳುತ್ತೇನೆ. ಸೂಜಿಹುಳ ಗುದದ ಸುತ್ತ ಚರ್ಮಕ್ಕೇ ಮೊಟ್ಟೆ ಅಂಟಿಸುವುದರಿಂದ ಲದ್ದಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬೆಳಿಗ್ಗೆ ತೊಳೆಯುವ ಮೊದಲು ಪಾರದರ್ಶಕ ಅಂಟುಪಟ್ಟಿಯನ್ನು ಅಲ್ಲಿ ಒತ್ತಿ ತೆಗೆದು ಗಾಜಿಗೆ ಅಂಟಿಸಿ ಡಾಕ್ಟರಿಗೆ ಕೊಡಿ. ನಮ್ಮದಕ್ಕೆ ಹುಳವೇ ಇರಲಿಲ್ಲ, ಮುಸ್ಸಂಜೆ ಕಚ್ಚುವ ಸಣ್ಣ ನುಸಿಯ ತುರಿಕೆ. ಆರು ತಿಂಗಳ ಮದ್ದು ದಂಡ.

ಮೂಡುಬಿದಿರೆಯಿಂದ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು:
ಮರಿಯದ್ದು ಬೇರೆ ಕಥೆ. ಆ ಪ್ರಾಯದಲ್ಲಿ ಗೇಣಿಗಿಂತ ಉದ್ದದ ಬಿಳಿ ದುಂಡುಹುಳದ ಶಂಕೆ ಜಾಸ್ತಿ. ಹಲವು ದೇಶಗಳಲ್ಲಿ ಇದು ಐವರ್‌ಮೆಕ್ಟಿನ್‌ಗೆ ಬಗ್ಗುತ್ತಿಲ್ಲ. ಫೆನ್‌ಬೆಂಡಜೋಲ್, ಪೈರಾಂಟೆಲ್ ಇವೆ. ಆದರೆ ನೀವೇ ತಂದು ಕೊಡಬೇಡಿ. ಹೊಟ್ಟೆ ತುಂಬ ಹುಳವಿದ್ದು ಎಲ್ಲವೂ ಒಮ್ಮೆಗೇ ಸತ್ತರೆ ಕರುಳು ಕಟ್ಟಿ ಮರಿಯೇ ಹೋಗಬಹುದು. ಯಾವುದು, ಎಷ್ಟು ಎಂದು ಡಾಕ್ಟರೇ ಹೇಳಲಿ. ಈ ಹುಳದ ಮೊಟ್ಟೆ ಲಾಯದ ನೆಲದಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಮರಿಗೆ ಮೇವು ನೆಲಕ್ಕೆ ಹಾಕಬೇಡಿ.

ದೊಡ್ಡವಕ್ಕೆ ಕ್ಯಾಲೆಂಡರ್ ನೋಡಿ ಮದ್ದು ಕೊಡುವ ಪದ್ಧತಿ ಹಳೆಯದು. ಹತ್ತು ಕುದುರೆ ಇದ್ದರೆ ಎರಡೋ ಮೂರೋ ಹೆಚ್ಚಿನ ಮೊಟ್ಟೆ ಉದುರಿಸುತ್ತವೆ. ಲದ್ದಿ ಪರೀಕ್ಷೆ ಮಾಡಿಸಿ. ಗ್ರಾಮಿಗೆ 200ಕ್ಕಿಂತ ಕಡಿಮೆ ಮೊಟ್ಟೆಯಿದ್ದರೆ ಸಾಮಾನ್ಯವಾಗಿ ಸುಮ್ಮನಿರಬಹುದು. ಮದ್ದು ಕೊಟ್ಟರೆ 14 ದಿನಕ್ಕೆ ಇನ್ನೊಮ್ಮೆ ಎಣಿಸಿ, ಆಗ ಮದ್ದು ನಾಟಿತೋ ಇಲ್ಲವೋ ತಿಳಿಯುತ್ತದೆ. ಲಾಡಿಹುಳ ಈ ಎಣಿಕೆಗೆ ಸಿಗುವುದು ಅಪರೂಪ, ಐವರ್‌ಮೆಕ್ಟಿನ್‌ಗೂ ಸಾಯುವುದಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಲದ್ದಿ ಬಿಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ಹಿಂಡಿ ಕಟ್ಟಿ, ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ತಲುಪಿಸಿ.

ಬ್ರಹ್ಮಾವರದಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ನಮ್ಮದೂ ತೆಂಗಿನ ಬುಡದ ಹುಲ್ಲೇ. ಇವತ್ತೇ ನಿಲ್ಲಿಸಿದೆ. ಹೆಣ್ಣು ಕುದುರೆಯ ಸುತ್ತಳತೆ 158, ಉದ್ದ 146, ಲೆಕ್ಕ ಹಾಕಿದರೆ 307 ಕಿಲೊ. ಇಷ್ಟು ದಿನ 250 ಕಿಲೊಗೆ ಕೊಡುತ್ತಿದ್ದೆ. ಸೋಮವಾರ ಮರಿಯನ್ನು ನೋಡಲು ಡಾಕ್ಟರು ಬರುತ್ತಾರೆ. ಭಾನುವಾರವೇ ಲದ್ದಿ ಹಿಡಿದಿಡಬೇಕು. ಫ್ರಿಜ್‌ನ ವಿಷಯವನ್ನು ಮನೆಯಲ್ಲಿ ಇನ್ನೂ ಎತ್ತಿಲ್ಲ.