ಎಡಗಾಲು ಯಾಕೆ ಕೊಯ್ದರು ಅಂದಿದ್ದಕ್ಕೆ

ಚಿಕ್ಕಪ್ಪಾ, ಎಲ್ಲರೂ ಕೇಳಿಸಿಕೊಳ್ಳಲಿ ಅಂತ ಗ್ರೂಪಿನಲ್ಲೇ ಹೇಳುತ್ತಿದ್ದೇನೆ. ನಮ್ಮ ತಮ್ಮ ಬೈಕಿನಿಂದ ಬಿದ್ದಿದ್ದು ಬಲ ಮೊಣಕಾಲಿನ ಮೇಲೆ, ಎಕ್ಸ್‌ರೇಯಲ್ಲಿ ಮೂಳೆ ಸರಿಯಿದೆ, ಆದರೂ ರಾತ್ರೋರಾತ್ರಿ ಆಪರೇಷನ್ ಮಾಡಿ ಎಡಗಾಲನ್ನೂ ಕೊಯ್ದಿದ್ದಾರೆ, ದುಡ್ಡಿಗೇ ಇರಬೇಕು ಅಂದಿರಲ್ಲ. ಹಾಗಲ್ಲ ಚಿಕ್ಕಪ್ಪಾ. ಇಂಥ ವಾರ್ಡಿನಲ್ಲೇ ನನ್ನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಮೊಣಕಾಲಿನ ಹಿಂದೆ, ಮಡಿಸುವ ಜಾಗದಲ್ಲೇ, ಪಾಪ್ಲಿಟಿಯಲ್ ಅನ್ನೋ ದೊಡ್ಡ ರಕ್ತನಾಳ ಹೋಗುತ್ತದೆ. ಕೀಲಿನ ಮೇಲೂ ಕೆಳಗೂ ಅದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೀಲು ಜಾರಿದರೆ ಪಕ್ಕಕ್ಕೆ ಸರಿಯೋಕೆ ಅದಕ್ಕೆ ಜಾಗವಿಲ್ಲ. ಜಗ್ಗಿ ಒಳಪದರ ಹರಿದು, ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಹೊರಗೆ ಒಂದು ಹನಿಯೂ ಬರದೇ ಇರಬಹುದು. ಜಾರಿದ ಕೀಲು ಎಷ್ಟೋ ಸಲ ತಾನೇ ವಾಪಸ್ ಕೂರುತ್ತದೆ. ಫಿಲ್ಮ್ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ!

ಪಾದ ತಣ್ಣಗಿದೆ, ಜೋಮು ಹಿಡಿದಿದೆ ಅಂತ ಚಿಕ್ಕಮ್ಮ ಹೇಳಿದ್ದರು ಅಲ್ವಾ, ಸುಳಿವು ಅದೇ. ಪಾದದ ಮೇಲೊಂದು, ಒಳಗಿನ ಹರಡಿನ ಹಿಂದೊಂದು ನಾಡಿ ಸಿಗಬೇಕು. ಅನುಮಾನ ಬಂದರೆ ರಕ್ತದ ಹರಿವನ್ನು ಪತ್ತೆ ಮಾಡುವ ಡಾಪ್ಲರ್ ಯಂತ್ರ ಇಟ್ಟು ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್. ರಕ್ತ ನಿಂತು ಸುಮಾರು 6 ಗಂಟೆ ದಾಟಿದರೆ ಕಾಲು ಉಳಿಸಿಕೊಳ್ಳುವುದೇ ಕಷ್ಟ. ಬೆಳಗಿನವರೆಗೆ ಹೇಗೆ ಕಾಯುತ್ತಾರೆ?

ಇನ್ನು ಎಡಗಾಲು. ಅಲ್ಲಿಂದ ಸಫೀನಸ್ ಅನ್ನೋ ಅಶುದ್ಧ ರಕ್ತದ ನಾಳದ ತುಂಡೊಂದನ್ನು ತೆಗೆದು ಬಲಗಾಲಿನಲ್ಲಿ ಹಾಳಾದ ನಾಳದ ಜಾಗಕ್ಕೆ ಜೋಡಿಸಿದ್ದಾರೆ. ಅದನ್ನು ತಲೆಕೆಳಗು ಮಾಡಿ ಹೊಲಿಯುತ್ತಾರೆ. ಒಳಗೆ ಕವಾಟಗಳಿರುತ್ತವೆ, ಹಾಗೇ ಇಟ್ಟರೆ ರಕ್ತ ಪಾದಕ್ಕೆ ಇಳಿಯುವುದಿಲ್ಲ. ಏಟು ಬಿದ್ದ ಕಾಲಿನಲ್ಲೇ ಯಾಕೆ ತೆಗೆಯಲಿಲ್ಲ ಅಂದರೆ, ಆ ಕಾಲಿನ ಒಳನಾಳಗಳೂ ಜಖಂ ಆಗಿರಬಹುದು, ಆಗ ವಾಪಸ್ ಹೋಗುವ ರಕ್ತಕ್ಕೆ ಆ ಕಾಲಿನ ಸಫೀನಸ್ ದಾರಿ ಬೇಕು. ಎರಡನೇ ಮಹಾಯುದ್ಧದಲ್ಲಿ ಈ ಪಾಪ್ಲಿಟಿಯಲ್ ಅನ್ನು ಸುಮ್ನೆ ಕಟ್ಟಿಬಿಡುತ್ತಿದ್ದರು. 10 ಜನರಲ್ಲಿ 7 ಜನರ ಕಾಲು ಹೋಗುತ್ತಿತ್ತು. ಕೊರಿಯಾ ಯುದ್ಧದಲ್ಲಿ ಹೊಲಿಯೋಕೆ ಶುರು ಮಾಡಿದ ಮೇಲೆ ಅದು ಅರ್ಧಕ್ಕಿಂತ ಕೆಳಗಿಳಿಯಿತು.

ಮೀನಖಂಡ ಸೀಳಿ ಹಾಗೇ ಬಿಟ್ಟಿದ್ದಾರೆ ಅಂತ ಅತ್ತೆ ಅಳುತ್ತಿದ್ದರಂತೆ. ನೋಡೋಕೆ ಭಯವಾಗುತ್ತದೆ, ನಿಜ. ರಕ್ತ ವಾಪಸ್ ಬಂದಾಗ ಮಾಂಸ ಊದುತ್ತದೆ, ಸೀಳದಿದ್ದರೆ ಒಳಗಿನ ಒತ್ತಡಕ್ಕೇ ಸಾಯುತ್ತದೆ. ಊತ ಇಳಿದ ಮೇಲೆ ಹೊಲಿಯುತ್ತಾರೆ, ಇಲ್ಲವೇ ಚರ್ಮ ಕಸಿ ಮಾಡುತ್ತಾರೆ.

ಪಾದಕ್ಕೆ ಎಣ್ಣೆ ಹಾಕಿ ಉಜ್ಜಬೇಡಿ. ಬಿಸಿನೀರಿನ ಚೀಲವಂತೂ ಬೇಡವೇ ಬೇಡ, ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ರಾತ್ರಿ ಯಾರೇ ಜೊತೆಗಿದ್ದರೂ ಆಗಾಗ ಪಾದ ಮುಟ್ಟಿ ನೋಡಿ. ಮತ್ತೆ ತಣ್ಣಗಾದರೆ ತಕ್ಷಣ ಸಿಸ್ಟರನ್ನು ಕರೆಯಿರಿ, ನನಗೆ ಆಮೇಲೆ ಫೋನ್ ಮಾಡಿದರಾಯಿತು.