ಎರಡು ಸಲ ಗ್ಯಾಸ್ ತುಂಬಿಸಿದರೂ ಕಾರ್ ಏಸಿಯಲ್ಲಿ ಬಿಸಿ ಗಾಳಿ, ಏನ್ ಮಾಡ್ಲಿ?

ಬಿಸಿಲೂರು:
ನಮಸ್ಕಾರ, ರಾಯಚೂರಿನಿಂದ. 11 ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, 94 ಸಾವಿರ ಕಿ.ಮೀ. ಓಡಿದೆ. ಮಾರ್ಚ್ ಮೊದಲ ವಾರ ಏಸಿ ತಣ್ಣಗಾಗುತ್ತಿಲ್ಲ ಅಂತ ಗ್ಯಾಸ್ ತುಂಬಿಸಿದೆ. 20 ದಿನ ಪರವಾಗಿಲ್ಲ, ಆಮೇಲೆ ಅದೇ ಕಥೆ. ಅದೇ ಅಂಗಡಿಗೆ ಹೋದೆ, ಮತ್ತೆ ತುಂಬಿದರು, ಈ ಸಲ ಎರಡೇ ವಾರ. ಈಗ ಕಂಪ್ರೆಸರ್ ಹೋಗಿದೆ, ಬದಲಾಯಿಸಿ ಅಂತಿದ್ದಾರೆ. ಇನ್ನೊಂದು ವಿಷಯ, ಗ್ಯಾಸ್ ತುಂಬಿಸಿದ ಹೊಸದರಲ್ಲೂ ಹೈವೇಯಲ್ಲಿ ಚೆನ್ನಾಗಿ ತಣ್ಣಗಿರ್ತಿತ್ತು, ಊರೊಳಗೆ ರೈಲ್ವೆ ಗೇಟ್ ಹತ್ತಿರ ನಿಂತರೆ ಐದು ನಿಮಿಷಕ್ಕೆ ಬಿಸಿ. ಮೊದಲೆಲ್ಲ ಏಸಿ ಹಾಕಿದರೆ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು, ಈಗ ಅದೂ ಇಲ್ಲ. ಕಂಪ್ರೆಸರ್ ಹಾಕಿಸಲಾ?

ಹಳೇ ಸ್ಪ್ಯಾನರ್:
ತಡೀರಿ, ದುಡ್ಡು ಕೊಡಬೇಡಿ. ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿಯಾಗೋ ವಸ್ತು ಅಲ್ಲ, ಅದೇ ಗ್ಯಾಸ್ ಪೈಪಿನೊಳಗೆ ಸುತ್ತುತ್ತಾ ಇರುತ್ತೆ. ಎರಡು ವಾರದಲ್ಲಿ ಇಳಿದಿದೆ ಅಂದರೆ ಎಲ್ಲೋ ತೂತಿದೆ. ತೂತಿನ ಬಿಂದಿಗೆಗೆ ಎಷ್ಟು ಸಲ ನೀರು ತುಂಬಿಸ್ತೀರಿ?

ಮೊದಲು ಕಂಪ್ರೆಸರ್ ನೋಡೋಣ. ಎಂಜಿನ್ ಆನ್ ಮಾಡಿ, ಬಾನೆಟ್ ಎತ್ತಿ, ಒಳಗೆ ಯಾರಾದರೂ ಏಸಿ ಬಟನ್ ಒತ್ತಲಿ. "ಟಕ್" ಅಂತ ಸದ್ದು ಬಂದು ಕಂಪ್ರೆಸರ್ ಪುಲ್ಲಿಯ ಮುಂದಿನ ತಟ್ಟೆ ತಿರುಗಬೇಕು. ತಿರುಗದಿದ್ದರೆ ಕಂಪ್ರೆಸರ್ ಸತ್ತಿದೆ ಅಂತ ಅರ್ಥ ಅಲ್ಲ. ಗ್ಯಾಸ್ ತೀರಾ ಕಮ್ಮಿ ಆದಾಗ ಪ್ರೆಶರ್ ಸ್ವಿಚ್ಚೇ ಅದನ್ನು ಆನ್ ಆಗೋಕೆ ಬಿಡಲ್ಲ, ಆಯಿಲ್ ಇಲ್ಲದೆ ತಿರುಗಿ ಸುಟ್ಟು ಹೋಗದಿರಲಿ ಅಂತ.

ನಿಂತಾಗ ಬಿಸಿ, ಓಡುವಾಗ ತಣ್ಣಗೆ ಅನ್ನೋದು ಬೇರೆಯೇ ರೋಗ. ಗ್ಯಾಸಿನ ಬಿಸಿ ಹೊರಹಾಕೋದು ರೇಡಿಯೇಟರ್ ಮುಂದಿರೋ ಜಾಲರಿಯಂಥ ಕಂಡೆನ್ಸರ್. ಓಡುವಾಗ ಅದಕ್ಕೆ ಗಾಳಿ ತಾನಾಗೇ ಬಡಿಯುತ್ತೆ, ನಿಂತಾಗ ಫ್ಯಾನೇ ಗತಿ. ಕಂಡೆನ್ಸರ್ ಫ್ಯಾನ್ ನೋಡಿದಿರಾ?

ಗಾಳಿಪಟ:
ನನ್ನದು ಸ್ವಲ್ಪ ಬೇರೆ ಕೇಸ್, ಆದರೂ ಹೇಳ್ತೀನಿ. ಹುಬ್ಬಳ್ಳಿಯಲ್ಲಿ ನನ್ನ ಕಾರಿಗೂ ಗ್ಯಾಸ್, ಗ್ಯಾಸ್ ಅಂತ ಹೇಳಿದ್ದೇ ಹೇಳಿದ್ದು. ಕೊನೆಗೆ ನೋಡಿದರೆ ಡ್ಯಾಶ್‌ಬೋರ್ಡ್ ಒಳಗೆ ಹೀಟರ್ ಕಡೆಗಿನ ಫ್ಲ್ಯಾಪ್ ಅರ್ಧ ತೆರೆದು ಸಿಕ್ಕಿಹಾಕಿಕೊಂಡಿತ್ತು, ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ ಎರಡೂ ಬೆರೆತು ಬರ್ತಿತ್ತು. ಬಾನೆಟ್ ಒಳಗಿನ ದಪ್ಪ ಅಲ್ಯೂಮಿನಿಯಂ ಪೈಪ್ ಮುಟ್ಟಿ ನೋಡಿ. ಅದು ಐಸ್‌ನಂತೆ ತಣ್ಣಗಿದ್ದು ಒಳಗೆ ಮಾತ್ರ ಬಿಸಿ ಬಂದರೆ ಫ್ಲ್ಯಾಪ್ ಮೇಲೆ ಅನುಮಾನ ಪಡಿ. ಸಣ್ಣ ಪೈಪ್ ಮುಟ್ಟಬೇಡಿ, ಕೈ ಸುಡುತ್ತೆ.

ಬಿಸಿಲೂರು:
ನೋಡಿದೆ. ಟಕ್ ಅನ್ನಲೇ ಇಲ್ಲ. ದಪ್ಪ ಪೈಪ್ ಬೆಚ್ಚಗೇ ಇದೆ. ನನ್ನ ಕಾರಲ್ಲಿ ಎರಡು ಫ್ಯಾನ್, ರೇಡಿಯೇಟರ್‌ದು ತಿರುಗಿತು, ಪಕ್ಕದ್ದು ಅಲ್ಲಾಡಲಿಲ್ಲ. ಆಮೇಲೆ ಟಾರ್ಚ್ ಹಿಡಿದು ಗ್ರಿಲ್ ಸಂದಿಯಲ್ಲಿ ಇಣುಕಿದರೆ ಕಂಡೆನ್ಸರ್ ಕೆಳ ಮೂಲೆಯಲ್ಲಿ ಅಂಗೈಯಷ್ಟು ಜಾಗ ಕಪ್ಪಗೆ ಜಿಡ್ಡಾಗಿ ಧೂಳು ಮೆತ್ತಿಕೊಂಡಿದೆ. ಉಳಿದ ಕಡೆ ಒಣ ಕೆಂಧೂಳು ಅಷ್ಟೇ.

ಹಳೇ ಸ್ಪ್ಯಾನರ್:
ಸಿಕ್ಕಿತಲ್ವಾ! ಗ್ಯಾಸ್ ಜೊತೆ ಕಂಪ್ರೆಸರ್ ಆಯಿಲ್ ಕೂಡ ಸುತ್ತುತ್ತೆ. ಗ್ಯಾಸ್ ಸೋರಿ ಹಾರಿಹೋಗುತ್ತೆ, ಆಯಿಲ್ ಅಲ್ಲೇ ಕೂತು ಧೂಳು ಹಿಡಿಯುತ್ತೆ. ಕಲ್ಲು ಸಿಡಿದು ಕಂಡೆನ್ಸರ್ ತೂತಾಗಿರಬೇಕು. ಆದರೂ ಖಾತ್ರಿ ಮಾಡಿಕೊಳ್ಳಿ, ನೈಟ್ರೋಜನ್ ಪ್ರೆಶರ್ ಕೊಟ್ಟು ಸೋಪಿನ ನೀರು ಹಚ್ಚಿಸಿ, ಗುಳ್ಳೆ ಬರುತ್ತೆ.

ಫ್ಯಾನ್‌ಗೆ ಮೊದಲು ಫ್ಯೂಸ್ ನೋಡಿ, ಆಮೇಲೆ ಅದರ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡೋ ಸ್ವಿಚ್) ತೆಗೆದು ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. ಆದರೆ ಈಗ ಏಸಿ ಬಟನ್ ಒತ್ತಿ ಪರೀಕ್ಷೆ ಮಾಡಬೇಡಿ, ಕಂಪ್ರೆಸರ್ ಆನ್ ಆಗದಿದ್ದರೆ ಫ್ಯಾನ್‌ಗೂ ಕರೆಂಟ್ ಹೋಗದಿರಬಹುದು. ಮೋಟರ್ ಕನೆಕ್ಟರ್ ಬಿಚ್ಚಿ ನೇರವಾಗಿ ಬ್ಯಾಟರಿಗೆ ಕೊಡಿ. ಆಗಲೂ ಸುಮ್ನೆ ಇದ್ದರೆ ಮೋಟರ್ ಹೋಗಿದೆ. ಬೆರಳು ದೂರ ಇಡಿ.

ಗ್ಯಾಸ್ ತುಂಬಿಸುವಾಗ ಪ್ರೆಶರ್ ಗೇಜ್ ನೋಡಿ ಅಂದಾಜಲ್ಲಿ ತುಂಬಲು ಬಿಡಬೇಡಿ. ಬಾನೆಟ್ ಕೆಳಗೆ ಸ್ಟಿಕ್ಕರ್ ಇರುತ್ತೆ, ಆರ್134ಎ, ಅಂದರೆ ಈ ಏಸಿ ಗ್ಯಾಸ್, ಎಷ್ಟು ಗ್ರಾಂ ಅಂತ. ಎಂಜಿನ್ ಆಫ್ ಇದ್ದಾಗ 35 ಡಿಗ್ರಿಯಲ್ಲಿ ಗೇಜ್ ಸುಮಾರು 115 ಪಿಎಸ್‌ಐ ತೋರಿಸುತ್ತೆ, ಒಳಗೆ ದ್ರವವಾಗಿರೋ ಗ್ಯಾಸ್ ಸ್ವಲ್ಪ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ತೂಕ ಒಂದೇ ದಾರಿ. ಜಾಸ್ತಿ ಹಾಕಿದರೂ ತಣ್ಣಗಾಗಲ್ಲ.

ಬಿಸಿಲೂರು:
ಒಂಬತ್ತು ದಿನ ಆಯ್ತು, ಅಪ್‌ಡೇಟ್ ಕೊಡೋಣ ಅಂತ. ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಗುಳ್ಳೆ ಆ ಮೂಲೆಯಲ್ಲೇ ಬಂತು. ಫ್ಯಾನ್ ರಿಲೇ ಸರಿ ಇತ್ತು, ಮೋಟರ್ ಬ್ರಷ್ ಸವೆದಿತ್ತು. ಕಂಡೆನ್ಸರ್, ಗ್ಯಾಸಿನ ತೇವ ಹೀರೋ ಡ್ರೈಯರ್, ಫ್ಯಾನ್ ಮೋಟರ್ ಹೊಸದು, ಪೈಪ್ ಸೇರೋ ಕಡೆಯ ರಬ್ಬರ್ ಓ-ರಿಂಗ್ ಕೂಡ. ಹೋದಷ್ಟು ಆಯಿಲ್ ಸೇರಿಸಿ, 40 ನಿಮಿಷ ಪಂಪಿನಿಂದ ಒಳಗಿನ ಗಾಳಿಯೆಲ್ಲ ಹೊರಗೆಳೆದು (ವ್ಯಾಕ್ಯೂಮ್), ಪಂಪ್ ನಿಲ್ಲಿಸಿ ಗೇಜ್ ಮುಳ್ಳು ಕದಲುತ್ತಾ ಅಂತ ಕಾಲು ಗಂಟೆ ಕಾದು, ಆಮೇಲೆ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಸ್ಟಿಕ್ಕರಲ್ಲಿದ್ದ 380 ಗ್ರಾಂ ಹಾಕಿದರು. ಬಟನ್ ಒತ್ತಿದ ಕೂಡಲೇ ಟಕ್! ಕಂಪ್ರೆಸರ್ ಹಳೆಯದೇ. ಮಗಳ ಜ್ವರದ ಥರ್ಮಾಮೀಟರ್ ಗಾಳಿ ಬರೋ ಕಡೆ ಇಟ್ಟರೆ ಬರೀ "ಲೋ" ಅಂತು, ಅದಕ್ಕಿಂತ ಕೆಳಗೆ ಅದಕ್ಕೆ ಲೆಕ್ಕ ಬರಲ್ಲ. ನಿನ್ನೆ ಗೇಟ್ ಹತ್ತಿರ ಕಾಲು ಗಂಟೆ ನಿಂತಿದ್ದೆ, ಹೆಂಡತಿ ಫ್ಯಾನ್ ಒಂದಕ್ಕೆ ಇಳಿಸಿ ಅಂದಳು. ಮನೆಗೆ ಬಂದು ನೋಡಿದರೆ ಕಾರಿನ ಕೆಳಗೆ ಮತ್ತೆ ನೀರು.