ಎನ್‌ಕ್ರಿಪ್ಷನ್ ಕೂಡ ಬಂದೂಕಿನ ಹಾಗೆ ಒಂದು ಹಕ್ಕಾ?

ಪ್ರಶ್ನೆ: ವಕೀಲ ಸರ್, ನಮಸ್ಕಾರ. ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕು. ಸಂದೇಶವನ್ನು ಬೇರೆಯವರು ಓದಲಾಗದ ಸಂಕೇತಕ್ಕೆ ಬದಲಿಸುವ ಗಟ್ಟಿ ಎನ್‌ಕ್ರಿಪ್ಷನ್ನೂ ನಮ್ಮ ರಕ್ಷಣೆಗೇ ತಾನೇ? ಅಲ್ಲಿನ ಸರ್ಕಾರವೇ ಒಮ್ಮೆ ಅದನ್ನು ಆಯುಧ ಅಂದಿತ್ತಂತೆ. ಹಾಗಿದ್ದ ಮೇಲೆ ಆಯುಧದ ಹಕ್ಕಿನಲ್ಲೇ ಅದನ್ನೂ ಕೇಳಬಹುದಲ್ವಾ?

ಉತ್ತರ: ಅಂದಿದ್ದು ನಿಜ. 1996ರವರೆಗೆ ಅದು ಅಮೆರಿಕದ ರಫ್ತು ಕಾನೂನಿನ ಯುದ್ಧಸಾಮಗ್ರಿ ಪಟ್ಟಿಯಲ್ಲಿತ್ತು. ದೇಶದೊಳಗೆ ಬಳಸಬಹುದು, ಲೈಸೆನ್ಸ್ ಇಲ್ಲದೆ ಹೊರಗೆ ಕಳಿಸುವಂತಿಲ್ಲ. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಅನ್ನುವ ಎನ್‌ಕ್ರಿಪ್ಷನ್ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಗಡಿ ದಾಟಿತು ಅಂತ ಅವರ ಮೇಲೆ ವರ್ಷಗಟ್ಟಲೆ ತನಿಖೆ ನಡೆಯಿತು. ಕೊನೆಗೆ ಕೇಸೇ ಹಾಕಲಿಲ್ಲ. ಅಷ್ಟರಲ್ಲಿ ಅವರು ಅದರ ಇಡೀ ಸೋರ್ಸ್ ಕೋಡನ್ನು (ಪ್ರೋಗ್ರಾಮಿನ ಮೂಲ ಬರಹ) ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ಫ್ಲಾಪಿಯಲ್ಲಿ ಹೋದರೆ ಆಯುಧ, ಪುಸ್ತಕವಾಗಿ ಹೋದರೆ ಮಾತು! ನನಗೆ ಈ ಕಿಲಾಡಿತನ ಬಹಳ ಇಷ್ಟ.

ಗಮನಿಸಿ, ಆಯುಧ ಅಂದವರು ಸರ್ಕಾರದವರು. ಎದುರು ನಿಂತವರು ಬಂದೂಕಿನ ಹಕ್ಕನ್ನು ಹಿಡಿಯಲಿಲ್ಲ, ವಾಕ್ ಸ್ವಾತಂತ್ರ್ಯವನ್ನು ಹಿಡಿದರು. ಡೇನಿಯಲ್ ಬರ್ನ್‌ಸ್ಟೈನ್ ಅನ್ನುವ ಗಣಿತಜ್ಞ ತಮ್ಮ ಎನ್‌ಕ್ರಿಪ್ಷನ್ ಕೋಡ್ ಪ್ರಕಟಿಸುವ ಹಕ್ಕಿಗಾಗಿ ಹೂಡಿದ ಮೊಕದ್ದಮೆಯಲ್ಲಿ ಮೇಲ್ಮನವಿ ಕೋರ್ಟಿನ ಪೀಠ 1999ರಲ್ಲಿ ಅದನ್ನು ಒಪ್ಪಿತು. ಅದು ಮರುವಿಚಾರಣೆಗೆ ಹೋಗಿ ಆಖೈರಾಗುವ ಮೊದಲೇ ಸರ್ಕಾರ ನಿಯಮ ಸಡಿಲಿಸಿಬಿಟ್ಟಿತು.

ಮರುಪ್ರಶ್ನೆ: ನಮ್ಮ ದೇಶದಲ್ಲಿ ಆ ವಾದ ನಡೆಯುತ್ತಾ ಸರ್?

ಉತ್ತರ: ಇಲ್ಲಿ ಅದು ನಮಗೇ ತಿರುಗುಬಾಣ. 1959ರ ಆಯುಧ ಕಾಯ್ದೆ ಪ್ರಕಾರ ಬಂದೂಕಿಗೆ ಲೈಸೆನ್ಸ್ ಬೇಕು. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ವಿನಾಯಿತಿ ಇದೆಯಲ್ಲ ಅನ್ನಬಹುದು. ಅದೂ ಸರ್ಕಾರ ಕೊಟ್ಟಿದ್ದೇ. 2019ರಲ್ಲಿ ವಿಸ್ತರಿಸಿದ್ದು 2029ರವರೆಗೆ ಮಾತ್ರ. ಎನ್‌ಕ್ರಿಪ್ಷನ್ನನ್ನು ಈ ಸಾಲಿಗೆ ಸೇರಿಸಿದರೆ ವಾಟ್ಸಾಪಿಗೂ ಅರ್ಜಿ ಹಾಕಿ ಕಾಯಬೇಕಾದೀತು.

ನಾನಾದರೆ ಖಾಸಗಿತನದ ಹಕ್ಕನ್ನು ಹಿಡಿಯುತ್ತೇನೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕು ಅಂದಿತು. ಅರ್ಜಿದಾರರಾದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಮಿತಿಯೂ ಇದೆ. ಐಟಿ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಅಧಿಕಾರ ಇರುವವರು ಆದೇಶ ಕೊಟ್ಟರೆ ಡಿಕ್ರಿಪ್ಟ್ ಮಾಡಲು, ಅಂದರೆ ಸಂಕೇತ ಬಿಡಿಸಲು, ನೆರವಾಗಬೇಕು. ಒಪ್ಪದಿದ್ದರೆ 7 ವರ್ಷದವರೆಗೆ ಜೈಲು. ಕೇಂದ್ರ ಸರ್ಕಾರದ 2015ರ ಎನ್‌ಕ್ರಿಪ್ಷನ್ ಕರಡು ನೀತಿ ಇನ್ನೂ ಮುಂದೆ ಹೋಗಿ, ಜನ ತಮ್ಮ ಸಂದೇಶಗಳ ಎನ್‌ಕ್ರಿಪ್ಟ್ ಆಗದ ಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕು ಅಂದಿತ್ತು. ಗಲಾಟೆ ಜಾಸ್ತಿಯಾಗಿ ಕೆಲವೇ ದಿನದಲ್ಲಿ ವಾಪಸ್ ಪಡೆದರು.